ಮಾಂಟೂ ಟೆಸ್ಟ್‌ನಲ್ಲಿ ಕೈ ಊದಿದರೆ ಟಿಬಿ ಬಂದ ಹಾಗಾ?

ಪ್ರಶ್ನೆ: ನಮ್ಮ ಮಾವನವರಿಗೆ ಶ್ವಾಸಕೋಶದ ಟಿಬಿ. ಮನೆಯವರಿಗೆಲ್ಲ ಮುಂಗೈಗೆ ಚುಚ್ಚಿ ಮಾಂಟೂ ಟೆಸ್ಟ್ ಮಾಡಿದರು. ನನ್ನ ಮುಂಗೈ ಊದಿತು. ಎಕ್ಸ್‌-ರೇ ಚೆನ್ನಾಗಿದೆ, ಕೆಮ್ಮು, ಜ್ವರ ಏನೂ ಇಲ್ಲ. ನನಗೂ ಟಿಬಿ ಇದೆಯಾ?
– ಓದುಗರೊಬ್ಬರು, ದಾವಣಗೆರೆ

ನೀವು ಹೇಳಿದ್ದನ್ನು ನೋಡಿದರೆ ಕಾಯಿಲೆ ಬಂದಂತಿಲ್ಲ. ರೋಗಾಣು ಮಾತ್ರ ಒಳಗೆ ಹೊಕ್ಕಿರಬಹುದು. ಇವೆರಡೂ ಬೇರೆ ಬೇರೆ.

ರೋಗಿ ಕೆಮ್ಮಿದಾಗ ಗಾಳಿಗೆ ಸೇರಿದ ರೋಗಾಣು ಉಸಿರಿನ ಜೊತೆ ನಮ್ಮ ಶ್ವಾಸಕೋಶದ ಗಾಳಿಚೀಲದವರೆಗೂ ಹೋಗುತ್ತದೆ. ಅಲ್ಲಿ ಕಾವಲಿಗಿರುವ ಮ್ಯಾಕ್ರೋಫೇಜ್ ಕಣ ಅದನ್ನು ನುಂಗುತ್ತದೆ. ಬೇರೆ ಎಷ್ಟೋ ರೋಗಾಣುಗಳ ಕಥೆ ಅಲ್ಲಿಗೇ ಮುಗಿಯುತ್ತದೆ. ಇದು ಕಿಲಾಡಿ. ಮೈಮೇಲೆ ಮೇಣದಂಥ ಹೊದಿಕೆ. ಸಾಲದ್ದಕ್ಕೆ, ಅರಗಿಸುವ ರಸ ಹತ್ತಿರ ಬರದಂತೆ ತಡೆಯುತ್ತದೆ. ನುಂಗಿದ ಕಣದೊಳಗೇ ಕೂತು ಸಂಸಾರ ಹೂಡುತ್ತದೆ.

ಕೆಲವು ವಾರಗಳ ನಂತರ ಟಿ ಕಣಗಳು, ಅಂದರೆ ರೋಗಾಣುವಿನ ಗುರುತು ಹಿಡಿಯುವ ಬಿಳಿ ರಕ್ತಕಣಗಳು ಬರುತ್ತವೆ. ಅವು ಬಿಡುವ ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶ ಪ್ರೋಟೀನ್‌ನಿಂದ ಮ್ಯಾಕ್ರೋಫೇಜ್‌ಗಳು ಚುರುಕಾಗುತ್ತವೆ. ಎಲ್ಲ ಸೇರಿ ರೋಗಾಣುವನ್ನು ಸುತ್ತುವರಿದು ಸಣ್ಣ ಗಂಟು ಕಟ್ಟುತ್ತವೆ. ಎಷ್ಟೋ ಸಲ ರೋಗಾಣು ಸಾಯುವುದಿಲ್ಲ, ಆ ಗಂಟಿನೊಳಗೆ ಸುಮ್ನೆ ಬಿದ್ದಿರುತ್ತದೆ.

ನಿಮ್ಮ ಮುಂಗೈಯಲ್ಲಿ ಆಗಿದ್ದೂ ಟಿ ಕಣಗಳ ಕೆಲಸವೇ. ಚರ್ಮದ ಪದರದೊಳಗೆ ಚುಚ್ಚಿದ್ದು ಜೀವಂತ ರೋಗಾಣು ಅಲ್ಲ, ಅದರ ಪ್ರೋಟೀನ್. ಹಳೇ ಗುರುತು ಹಿಡಿದ ಟಿ ಕಣಗಳು ಅಲ್ಲಿಗೆ ಬಂದು ಸೇರಿದವು. ಅವು ಬರಲು ಹೊತ್ತು ಹಿಡಿಯುತ್ತದೆ, ಅದಕ್ಕೇ 48ರಿಂದ 72 ಗಂಟೆ ಬಿಟ್ಟು ನೋಡುತ್ತಾರೆ. ಅಳೆಯುವುದು ಕೆಂಪಗಾದ ಜಾಗವನ್ನಲ್ಲ, ಕೈಗೆ ಗಟ್ಟಿಯಾಗಿ ಸಿಗುವ ಉಬ್ಬನ್ನು. ಟಿಬಿ ತಡೆಯಲು ಕೊಡುವ ಬಿಸಿಜಿ ಲಸಿಕೆಯಿಂದಲೂ ಒಮ್ಮೊಮ್ಮೆ ಊದುವುದುಂಟು.

ರೋಗಾಣು ಹೊಕ್ಕ 100 ಜನರಲ್ಲಿ 5ರಿಂದ 10 ಮಂದಿಗೆ ಜೀವಮಾನದಲ್ಲಿ ಯಾವಾಗಲಾದರೂ ಕಾಯಿಲೆ ಬರಬಹುದು. ಮೊದಲ 2 ವರ್ಷ ಅಪಾಯ ಜಾಸ್ತಿ. ಎಚ್‌ಐವಿ, ಹತೋಟಿ ತಪ್ಪಿದ ಶುಗರ್, ಬೀಡಿ ಸಿಗರೇಟು, ಇವೆಲ್ಲ ಕಾವಲನ್ನು ಸಡಿಲಿಸುತ್ತವೆ. ಚಿತ್ರದುರ್ಗದ ಕಡೆ ಕಲ್ಲು ಕ್ವಾರಿ, ಕ್ರಷರ್‌ಗಳಲ್ಲಿ ದುಡಿಯುವವರು ಇನ್ನೂ ಹುಷಾರಾಗಿರಬೇಕು. ಕಲ್ಲಿನ ಸಿಲಿಕಾ ಧೂಳು ಮ್ಯಾಕ್ರೋಫೇಜ್‌ಗಳನ್ನೇ ಕೊಲ್ಲುತ್ತದೆ.

ಊಟದ ವಿಷಯವನ್ನು ನಾವು ಹಗುರವಾಗಿ ತೆಗೆದುಕೊಳ್ಳುತ್ತೇವೆ, ಅಲ್ವಾ? ಜಾರ್ಖಂಡ್‌ನಲ್ಲಿ ರೋಗಿಗಳ ಮನೆಯವರಿಗೂ ಅಕ್ಕಿ ಬೇಳೆ ಕೊಟ್ಟು ನೋಡಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅವರಲ್ಲಿ ಹೊಸದಾಗಿ ಟಿಬಿ ಬರುವುದು ಶೇ 39ರಷ್ಟು ಕಡಿಮೆಯಾಯಿತು. ಮಂಡಕ್ಕಿ ಮಿರ್ಚಿಯಲ್ಲೇ ರಾತ್ರಿ ಊಟ ಮುಗಿಸುವ ನಮ್ಮೂರಿನವರು ಗಮನಿಸಿ.

ನಿಮಗೀಗ ಬೇಕಿರುವುದು ತಡೆ ಚಿಕಿತ್ಸೆ. ವಾರಕ್ಕೊಮ್ಮೆಯಂತೆ 12 ವಾರ ಅಥವಾ ದಿನವೂ 6 ತಿಂಗಳು ಮಾತ್ರೆ ನುಂಗುವ ಕ್ರಮಗಳಿವೆ, ಯಾವುದೆಂದು ವೈದ್ಯರು ಹೇಳುತ್ತಾರೆ. ಮಾವನವರು ಔಷಧಿ ತೆಗೆದುಕೊಳ್ಳುವ ಸರ್ಕಾರಿ ಕೇಂದ್ರದಲ್ಲೇ ಕೇಳಿ. ಮನೆಯಲ್ಲಿ 5 ವರ್ಷದೊಳಗಿನ ಮಕ್ಕಳಿದ್ದರೆ ಕೈ ಊದದಿದ್ದರೂ ಮೊದಲು ಅವರನ್ನು ಕರೆದುಕೊಂಡು ಹೋಗಿ.