ಕೆಂಪಗೆ ಹುರಿದರೆ ಕಡಲೆಕಾಯಿಯ ಅಲರ್ಜಿ ಹೋಗುತ್ತದೆಯೇ? ಚಟ್ನಿಪುಡಿಯ ಪ್ರಶ್ನೆಗೆ ಮತ್ತೊಮ್ಮೆ ಉತ್ತರ

ಪ್ರಶ್ನೆ: ನನ್ನ ಆರು ವರ್ಷದ ಮಗನಿಗೆ ಕಡಲೆಕಾಯಿ ಅಲರ್ಜಿ ಇದೆಯೆಂದು ವೈದ್ಯರು ಪರೀಕ್ಷೆ ಮಾಡಿ ಹೇಳಿದ್ದಾರೆ. ನಮ್ಮ ಮನೆಯಲ್ಲಿ ಚಟ್ನಿಪುಡಿ ಇಲ್ಲದೆ ದೋಸೆ ಗಂಟಲಲ್ಲಿ ಇಳಿಯುವುದಿಲ್ಲ. ಕಡಲೆಕಾಯಿಯನ್ನು ಕೆಂಪಗೆ ಹುರಿದು, ಸಿಪ್ಪೆ ಹಾರಿಸಿ, ಸ್ವಲ್ಪ ಬೆಲ್ಲ ಸೇರಿಸಿ ಪುಡಿ ಮಾಡಿದರೆ ದೋಷ ಹೋಗುತ್ತದೆ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಹಾಗೆ ಮಾಡಬಹುದೇ? ಇಲ್ಲವಾದರೆ ಬದಲಿಗೆ ಏನು ಹಾಕಬೇಕು?

ಉತ್ತರ: ಮಾಡಬಾರದು. ಇದೇ ಪ್ರಶ್ನೆ ಒಮ್ಮೆ ಹುರಿಯುವ ರೂಪದಲ್ಲಿ, ಒಮ್ಮೆ ನೆನೆಸಿ ನೀರು ಚೆಲ್ಲುವ ರೂಪದಲ್ಲಿ, ಇನ್ನೊಮ್ಮೆ ‘ಚಿಟಿಕೆಯಷ್ಟು ಹಾಕಿದರೆ ಏನಾದೀತು’ ಎಂಬ ರೂಪದಲ್ಲಿ ಬರುತ್ತಲೇ ಇದೆ. ನನ್ನ ಉತ್ತರವೂ ಅದೇ ಆಗಿ ಉಳಿದಿದೆ. ಆದರೆ ‘ಬೇಡ’ ಎಂದಷ್ಟೇ ಹೇಳಿದರೆ ಹಿರಿಯರು ಒಪ್ಪುವುದಿಲ್ಲ, ಮತ್ತು ನಾಲ್ಕು ದಿನ ಕಳೆದ ಮೇಲೆ ಯಾರೂ ನೋಡದಿರುವಾಗ ಹುರಿದ ಬೀಜ ನಾಲ್ಕು ಪುಡಿಯೊಳಗೆ ಸೇರಿಬಿಡುತ್ತದೆ. ಆದ್ದರಿಂದ ಈ ಬಾರಿ ಕಾರಣವನ್ನೇ ವಿವರವಾಗಿ ಬರೆಯುತ್ತೇನೆ. ದಯವಿಟ್ಟು ಅತ್ತೆಯವರಿಗೂ ಓದಿ ಹೇಳಿ.

ಅವರ ಮಾತು ಆಧಾರವಿಲ್ಲದ ಮಾತಲ್ಲ. ಬೆಂಕಿಗೆ ಹಾಕಿದರೆ ದೋಷ ಹೋಗುತ್ತದೆ ಎಂಬುದು ಅಡುಗೆಮನೆಯಲ್ಲಿ ಅನೇಕ ಕಡೆ ನಿಜ. ಹಸಿ ರಾಜ್ಮಾದಲ್ಲಿರುವ ವಿಷ ಚೆನ್ನಾಗಿ ಕುದಿಸಿದರೆ ನಾಶವಾಗುತ್ತದೆ, ಹಸಿ ಹಾಲಿನ ರೋಗಾಣು ಕಾಯಿಸಿದರೆ ಸಾಯುತ್ತದೆ. ಆದರೆ ಅಲರ್ಜಿಯಲ್ಲಿ ವಿಷವೂ ಇಲ್ಲ, ರೋಗಾಣುವೂ ಇಲ್ಲ. ಕಡಲೆಕಾಯಿಯ ತೂಕದಲ್ಲಿ ಸುಮಾರು ಕಾಲುಭಾಗ ಪ್ರೋಟೀನು. ಉಳಿದವರ ಮೈ ಅದನ್ನು ಆಹಾರವೆಂದು ಸ್ವೀಕರಿಸಿದರೆ, ನಿಮ್ಮ ಮಗನ ಮೈ ಅದೇ ಪ್ರೋಟೀನನ್ನು ಶತ್ರುವೆಂದು ಗುರುತಿಟ್ಟುಕೊಂಡಿದೆ. ಬೀಜದಲ್ಲಿ ದೋಷವೇ ಇಲ್ಲದಿರುವಾಗ ಬೀಜವನ್ನು ಹುರಿದು ತೆಗೆಯುವುದಾದರೂ ಏನನ್ನು?

ಇದಕ್ಕೆ ಇನ್ನೊಂದು ನಂಬಿಕೆ ಜೊತೆಯಾಗಿದೆ. ಮೈಮೇಲೆ ದದ್ದು ಎದ್ದರೆ ನಮ್ಮವರು ಅದನ್ನು ಪಿತ್ತದ ಗಂಧೆ ಎನ್ನುತ್ತಾರೆ. ಕಡಲೆಕಾಯಿ ಪಿತ್ತ ಮಾಡುತ್ತದೆ, ಬೆಲ್ಲ ಅದನ್ನು ತಣಿಸುತ್ತದೆ ಎಂಬುದು ಹಳೆಯ ಲೆಕ್ಕ. ಕಡಲೆಕಾಯಿಯ ಜೊತೆ ಬೆಲ್ಲ ತಿನ್ನುವುದು ಒಳ್ಳೆಯ ಅಭ್ಯಾಸವೇ, ರುಚಿಯೂ ಹೌದು, ನಾನೂ ಹಾಗೆಯೇ ತಿನ್ನುತ್ತೇನೆ. ಆದರೆ ಅಲರ್ಜಿಯ ಗಂಧೆಗೂ ಬೆಲ್ಲಕ್ಕೂ ಸಂಬಂಧವಿಲ್ಲ. ಅಲರ್ಜಿಯಿರುವ ಮಗುವಿಗೆ ಬೆಲ್ಲ ಬೆರೆಸಿದ ಕಡಲೆಕಾಯಿ ಕೊಟ್ಟರೆ, ಬೆಲ್ಲವೂ ಕಡಲೆಕಾಯಿಯೂ ಎರಡೂ ಹೊಟ್ಟೆ ಸೇರುತ್ತವೆ, ಅಷ್ಟೇ.

ಇನ್ನು ಹುರಿಯುವ ವಿಷಯ. ಹುರಿದರೆ ಉಪಯೋಗವಿಲ್ಲ ಎಂದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಹುರಿದರೆ ಹಾನಿ ಹೆಚ್ಚು. ಈ ಅಲರ್ಜಿಯಲ್ಲಿ ಮುಖ್ಯವಾದ ಪ್ರೋಟೀನುಗಳಲ್ಲೊಂದಕ್ಕೆ ವಿಜ್ಞಾನಿಗಳು ಅರಾ ಎಚ್ 2 ಎಂದು ಹೆಸರಿಟ್ಟಿದ್ದಾರೆ. ಅದರ ಎಳೆಗಳು ಗಂಧಕದ ಕೊಂಡಿಗಳಿಂದ ಒಂದಕ್ಕೊಂದು ಬಿಗಿದುಕೊಂಡಿರುವುದರಿಂದ ಬಾಣಲೆಯ ಬಿಸಿಗೂ ಅದು ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲ, ಹೊಟ್ಟೆಯ ಜೀರ್ಣರಸಕ್ಕೂ ಜಗ್ಗುವುದಿಲ್ಲ. ಜೊತೆಗೆ, ಒಣ ಬಾಣಲೆಯಲ್ಲಿ ಬೀಜ ಕೆಂಪಾಗಿ ಘಮಘಮಿಸುವಾಗ ಅದರೊಳಗಿನ ಸಕ್ಕರೆ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆ ಬಣ್ಣ, ಆ ಪರಿಮಳ ಹುಟ್ಟುವುದೇ ಆ ಕ್ರಿಯೆಯಿಂದ, ಮತ್ತು ಅದೇ ಕ್ರಿಯೆ ಅಲರ್ಜಿಕಾರಕಗಳನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. 2001ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಒಣದಾಗಿ ಹುರಿದ ಕಡಲೆಕಾಯಿ, ಎಣ್ಣೆಯಲ್ಲಿ ಕರಿದದ್ದು ಮತ್ತು ನೀರಿನಲ್ಲಿ ಬೇಯಿಸಿದ್ದು ಈ ಮೂರನ್ನು ಹೋಲಿಸಿದಾಗ, ರೋಗಿಗಳ ರಕ್ತದಲ್ಲಿದ್ದ ಅಲರ್ಜಿಯ ಪ್ರತಿಕಾಯಗಳು ಹುರಿದದ್ದಕ್ಕೇ ಹೆಚ್ಚು ಅಂಟಿಕೊಂಡವು. ಅಂದರೆ ಅತ್ತೆಯವರು ಸುರಕ್ಷಿತವೆಂದು ನಂಬಿರುವ ವಿಧಾನವೇ ಮೂರರಲ್ಲಿ ಕೆಟ್ಟದ್ದು.

ಇಷ್ಟು ಹೇಳಿದ ಕೂಡಲೇ ‘ಹಾಗಾದರೆ ಬೇಯಿಸಿ ಕೊಡೋಣವೇ, ಬಸವನಗುಡಿಯ ಪರಿಷೆಯಲ್ಲಿ ಬೇಯಿಸಿದ ಕಡಲೆಕಾಯಿಯನ್ನು ಎಲ್ಲರೂ ತಿನ್ನುವುದಿಲ್ಲವೇ’ ಎಂಬ ಪ್ರಶ್ನೆ ಬರುತ್ತದೆಂದು ಬಲ್ಲೆ. ಬೇಯಿಸಿದಾಗ ಒಂದಿಷ್ಟು ಪ್ರೋಟೀನು ನೀರಿಗೆ ಇಳಿಯುವುದರಿಂದ ತೀವ್ರತೆ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಕಡಿಮೆಯಾದದ್ದು ನಿಮ್ಮ ಮಗನಿಗೆ ಎಷ್ಟು ಸಾಕು ಎಂಬುದನ್ನು ಅಡುಗೆಮನೆಯಲ್ಲಿ ಅಳೆಯಲು ಸಾಧ್ಯವಿಲ್ಲ.

ಮೊಟ್ಟೆಯ ಅಲರ್ಜಿ ಇದ್ದ ಪಕ್ಕದ ಮನೆಯ ಮಗು ಕೇಕು ತಿಂದು ಆರಾಮವಾಗಿದೆಯಲ್ಲ ಎಂಬ ವಾದವೂ ಉಂಟು. ಅದು ನಿಜವೇ. ಮೊಟ್ಟೆ ಮತ್ತು ಹಾಲಿನ ಕೆಲವು ಪ್ರೋಟೀನುಗಳು ಬಿಸಿಗೆ ಆಕಾರ ಕಳೆದುಕೊಳ್ಳುವುದರಿಂದ, ಆ ಅಲರ್ಜಿಯಿರುವ ಮಕ್ಕಳಲ್ಲಿ ಬಹುಪಾಲು ಮಂದಿ ಹಿಟ್ಟಿನೊಡನೆ ಚೆನ್ನಾಗಿ ಬೆಂದದ್ದನ್ನು ತಾಳಿಕೊಳ್ಳುತ್ತಾರೆ. ಅದನ್ನೂ ವೈದ್ಯರ ಎದುರಿನಲ್ಲಿ ಪರೀಕ್ಷಿಸಿಯೇ ತಿಳಿಯಬೇಕು. ಕಡಲೆಕಾಯಿ, ಗೋಡಂಬಿ, ಎಳ್ಳು, ಸಾಸಿವೆ ಇವಕ್ಕೆ ಆ ನಿಯಮ ಅನ್ವಯಿಸುವುದಿಲ್ಲ. ಹಾಗೆಯೇ ‘ಸ್ವಲ್ಪ ಸ್ವಲ್ಪ ತಿನ್ನಿಸಿ ರೂಢಿ ಮಾಡಿಸಿ’ ಎನ್ನುವವರು ಲಂಡನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವನ್ನು ಅರ್ಧ ಓದಿರುತ್ತಾರೆ. ಅಪಾಯದ ಲಕ್ಷಣವಿದ್ದ 4ರಿಂದ 11 ತಿಂಗಳ ಕೂಸುಗಳಿಗೆ ಕಡಲೆಕಾಯಿ ತಿನ್ನಿಸುತ್ತ ಬಂದರೆ ಅಲರ್ಜಿ ಬರುವುದೇ ಬಹಳ ಕಡಿಮೆಯಾಗುತ್ತದೆ ಎಂದು ಅದು ತೋರಿಸಿತು, ಅದು ಬಾರದಂತೆ ತಡೆಯುವ ಮಾತು. ಬಂದ ಮೇಲೆ ಅಳೆದು ತಿನ್ನಿಸುವ ಚಿಕಿತ್ಸೆ ಬೇರೆಯೇ ಇದೆ. ಅದು ಅರ್ಧ ಮಿಲಿಗ್ರಾಂ ಪ್ರೋಟೀನಿನಿಂದ, ತಜ್ಞರ ಕಣ್ಗಾವಲಿನಲ್ಲಿ ಆರಂಭವಾಗುತ್ತದೆಯೇ ಹೊರತು ಚಿಟಿಕೆ ಚಟ್ನಿಪುಡಿಯಿಂದಲ್ಲ.

ಇನ್ನು ಬದಲಿಯ ಮಾತು. ಇದು ನೀವು ಅಂದುಕೊಂಡಷ್ಟು ಕಷ್ಟವಲ್ಲ. ಹಳೇ ಮೈಸೂರು ಕಡೆಯ ಚಟ್ನಿಪುಡಿಗೆ ಕಡಲೆಕಾಯಿ ಬೇಕೇ ಇಲ್ಲ. ಕಡಲೆಬೇಳೆ, ಅದರ ಅರ್ಧದಷ್ಟು ಉದ್ದಿನಬೇಳೆ, ಬ್ಯಾಡಗಿ ಮೆಣಸಿನಕಾಯಿ, ಕರಿಬೇವು, ಒಣಕೊಬ್ಬರಿ, ಹುಣಸೆ, ಬೆಲ್ಲ, ಉಪ್ಪು, ಇಂಗು, ಇಷ್ಟೇ. ಬೇಳೆಗಳನ್ನು ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿದು, ಕೊಬ್ಬರಿಯನ್ನು ಕೊನೆಯಲ್ಲಿ ಬರಿದೆ ಬಿಸಿ ಮಾಡಿ ತರಿತರಿಯಾಗಿ ಪುಡಿ ಮಾಡಿದರೆ ಸಾಕು. ಉತ್ತರ ಕರ್ನಾಟಕದವರಾಗಿ ಶೇಂಗಾ ಚಟ್ನಿಯ ಜಿಡ್ಡೇ ಬೇಕು ಎನ್ನುವುದಾದರೆ ಗುರೆಳ್ಳು ಅಥವಾ ಅಗಸಿ ಚಟ್ನಿ ಮಾಡಿ; ಅಗಸೆಯ ಎಣ್ಣೆ ಬೇಗ ಕಮಟುವುದರಿಂದ ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಿ. ಕಡಲೆಕಾಯಿಯೂ ದ್ವಿದಳವೇ ಆದ್ದರಿಂದ ಬೇಳೆಗಳನ್ನೆಲ್ಲ ನಿಲ್ಲಿಸಬೇಕೇ ಎಂಬ ಭಯ ಬೇಡ. ಇಷ್ಟು ದಿನ ಮಗು ತೊಗರಿ, ಉದ್ದು, ಹುರಿಗಡಲೆ ತಿಂದು ಚೆನ್ನಾಗಿದ್ದರೆ ಅವನ್ನು ನಿಲ್ಲಿಸುವ ಕಾರಣವಿಲ್ಲ. ಕಡಲೆಯ ಅಲರ್ಜಿಯೇ ಪ್ರತ್ಯೇಕವಾಗಿ ಇರುವ ಮಕ್ಕಳೂ ನಮ್ಮಲ್ಲಿದ್ದಾರೆ. ಆದ್ದರಿಂದ ಹೊಸದಾಗಿ ಕೊಡುವ ಯಾವುದನ್ನೇ ಆಗಲಿ ವೈದ್ಯರನ್ನು ಕೇಳಿ ಕೊಡಿ.

ಪದಾರ್ಥ ಬದಲಿಸಿದರೆ ಕೆಲಸ ಮುಗಿಯಿತೆಂದು ತಿಳಿಯುವವರು ಮಿಕ್ಸಿ ಜಾರಿನ ತಳವನ್ನು ಒಮ್ಮೆ ಬಿಚ್ಚಿ ನೋಡಬೇಕು. ಬ್ಲೇಡಿನ ಕೆಳಗೆ, ರಬ್ಬರ್ ವಾಷರ್ ಕುಳಿತ ಅಂಚಿನ ಸುತ್ತ, ಕಂದುಬಣ್ಣದ ಜಿಡ್ಡಿನ ಒಂದು ಉಂಗುರವಿರುತ್ತದೆ. ಕಳೆದ ತಿಂಗಳ ಶೇಂಗಾ ಚಟ್ನಿ ಅಲ್ಲಿ ಈಗಲೂ ಇದೆ. ಜಾರಿಗೆ ನೀರು ಹಾಕಿ ಒಂದು ಸುತ್ತು ತಿರುಗಿಸಿ ಚೆಲ್ಲಿದರೆ ಅದು ಬರುವುದಿಲ್ಲ. ವಾಷರನ್ನು ಬಿಡಿಸಿ ಸೋಪಿನಲ್ಲಿ ಉಜ್ಜಬೇಕು, ಸಾಧ್ಯವಿದ್ದರೆ ಮಗುವಿನ ಪುಡಿಗೆ ಜಾರನ್ನೇ ಬೇರೆ ಇಡಬೇಕು. ಮರದ ಸೌಟು ಮತ್ತು ಒರಳುಕಲ್ಲಿಗೂ ಇದೇ ಮಾತು. ಕೈಗೂ ಸೋಪೇ ಬೇಕು. ಸ್ಯಾನಿಟೈಸರ್ ಹಚ್ಚಿಕೊಂಡರೆ ರೋಗಾಣು ಸಾಯಬಹುದು, ಕಡಲೆಕಾಯಿಯ ಪ್ರೋಟೀನು ಅಲ್ಲಿಯೇ ಉಳಿಯುತ್ತದೆ. ಖಾರದ ಪುಡಿ, ಹುಳಿಪುಡಿಯನ್ನು ಗಿರಣಿಯಲ್ಲಿ ಮಾಡಿಸುವವರು ತಮಗಿಂತ ಮುಂಚೆ ಏನು ಬಿದ್ದಿತ್ತೆಂದು ಕೇಳಿಕೊಳ್ಳಲಿ.

ಎಣ್ಣೆಯ ವಿಷಯದಲ್ಲಿ ಈಗಿನ ಗಾಣದ ಎಣ್ಣೆಯ ಮೋಹ ಒಂದು ತೊಡಕು ತಂದಿದೆ. 1997ರಲ್ಲಿ ಬ್ರಿಟನ್ನಿನಲ್ಲಿ ಕಡಲೆಕಾಯಿ ಅಲರ್ಜಿಯಿದ್ದ 60 ಮಂದಿಗೆ ಎರಡು ಬಗೆಯ ಕಡಲೆಕಾಯಿ ಎಣ್ಣೆ ಕೊಟ್ಟು ನೋಡಿದಾಗ, ಸಂಪೂರ್ಣವಾಗಿ ಶುದ್ಧೀಕರಿಸಿದ ಎಣ್ಣೆಗೆ ಯಾರಿಗೂ ಏನೂ ಆಗಲಿಲ್ಲ, ಕಚ್ಚಾ ಎಣ್ಣೆಗೆ 6 ಮಂದಿಯಲ್ಲಿ ಪ್ರತಿಕ್ರಿಯೆ ಕಂಡಿತು. ಗಾಣದ ಎಣ್ಣೆ ಆ ಎರಡನೆಯ ಬಗೆಯದು. ಮನೆಯಲ್ಲಿ ಒಗ್ಗರಣೆಗೆ ಸೂರ್ಯಕಾಂತಿ ಅಥವಾ ಕೊಬ್ಬರಿ ಎಣ್ಣೆ ಇದ್ದರೆ ಈ ತಲೆನೋವೇ ಇಲ್ಲ.

ಇಂಗಿನ ಬಗ್ಗೆ ಒಂದು ಮಾತು, ಇದು ಗೋಧಿಯ ಅಲರ್ಜಿ ಅಥವಾ ಸೀಲಿಯಾಕ್ (ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಕರುಳಿಗೆ ಹಾನಿಯಾಗುವ ರೋಗ) ಇರುವವರಿಗೆ. ಅಂಗಡಿಯ ಇಂಗಿನ ಡಬ್ಬಿಯಲ್ಲಿ ಇಂಗಿಗಿಂತ ಗೋಂದು ಮತ್ತು ಹಿಟ್ಟೇ ಹೆಚ್ಚಾಗಿರುತ್ತದೆ, ಆ ಹಿಟ್ಟು ಬಹಳಷ್ಟು ಸಲ ಗೋಧಿಯದು. ಅಕ್ಕಿಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ. ಡಬ್ಬಿಯ ಹಿಂಭಾಗ ಓದಿ ಕೊಳ್ಳಿ.

ಹಿಂಭಾಗ ಓದುವುದರಿಂದ ಎಲ್ಲವೂ ತಿಳಿಯುತ್ತದೆಯೇ ಎಂದು ನೀವು ಕೇಳಲಿಲ್ಲ, ಕೇಳಬೇಕಿತ್ತು. ನಮ್ಮ ದೇಶದ 2020ರ ಲೇಬಲ್ ನಿಯಮಗಳ ಪ್ರಕಾರ ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ ಜಾತಿಯವು, ಕಡಲೆಕಾಯಿ, ಗೋಡಂಬಿಯಂಥ ಬೀಜಗಳು, ಸೋಯಾ ಮತ್ತು ಆಹಾರ ಕೆಡದಂತೆ ಹಾಕುವ ಸಲ್ಫೈಟ್ ಇವನ್ನು ಅಲರ್ಜಿಕಾರಕವೆಂದು ಪ್ರತ್ಯೇಕವಾಗಿ ಸಾರಬೇಕು. ಆ ಪಟ್ಟಿಯಲ್ಲಿ ಎಳ್ಳೂ ಇಲ್ಲ, ಸಾಸಿವೆಯೂ ಇಲ್ಲ. ಯುರೋಪಿನಲ್ಲಿ ಎರಡೂ ಇವೆ, ಅಮೆರಿಕದಲ್ಲಿ 2023ರಿಂದ ಎಳ್ಳು ಸೇರಿದೆ. ಒಗ್ಗರಣೆಯೆಂದರೆ ಸಾಸಿವೆ ಎನ್ನುವ ನಾಡಿನಲ್ಲಿ ಸಾಸಿವೆಯ ಅಲರ್ಜಿಯಿರುವವರು ‘ಮಸಾಲೆ ಪದಾರ್ಥಗಳು’ ಎಂಬ ಒಂದೇ ಮಾತನ್ನು ನೋಡಿ ಡಬ್ಬಿಯೊಳಗೆ ಏನಿದೆ ಎಂದು ಊಹಿಸಬೇಕಾಗಿದೆ. ಅಂಥವರಿಗೆ ಮನೆಯ ಉಪ್ಪಿನಕಾಯಿಯೇ ಗತಿ.

ಸಾಸಿವೆ ಬಿಟ್ಟರೆ ಮಾವಿನ ಮಿಡಿ ಕೆಡುವುದಿಲ್ಲವೇ ಎಂದು ಮಲೆನಾಡಿನವರು ಖಂಡಿತ ಹುಬ್ಬೇರಿಸುತ್ತಾರೆ. ಕೆಡುವುದಿಲ್ಲ. ಅರೆದ ಸಾಸಿವೆಯ ಘಾಟಿಗೆ ಬೂಷ್ಟನ್ನು ತಡೆಯುವ ಗುಣ ಒಂದಿಷ್ಟು ಇದೆ, ಆದರೆ ಮಿಡಿಯನ್ನು ವರ್ಷಗಟ್ಟಲೆ ಕಾಯುವುದು ಉಪ್ಪು ಮತ್ತು ಮಿಡಿಯದೇ ಹುಳಿ. ಮಿಡಿ ಉಪ್ಪಿನಲ್ಲಿ ಪೂರ್ತಿ ಚಿರುಟುವವರೆಗೆ ಬಿಟ್ಟು, ಅದೇ ಉಪ್ಪುನೀರನ್ನು ಕುದಿಸಿ ಆರಿಸಿ, ಒಣಮೆಣಸಿನ ಪುಡಿಯನ್ನು ಮಾತ್ರ ಕಲಸಿ ಹಾಕಿ. ಉಪ್ಪನ್ನು ಮಾತ್ರ ಕೈ ಹಿಡಿದು ಹಾಕಬೇಡಿ. ಘಾಟು ಕಡಿಮೆಯಾಯಿತೆಂದು ಮೆಂತ್ಯ ಸೇರಿಸುವ ಮುನ್ನ ಒಂದು ಕ್ಷಣ ತಡೆಯಿರಿ: ಮೆಂತ್ಯ ಕಡಲೆಕಾಯಿಯ ಕುಟುಂಬದ್ದೇ ಆಗಿದ್ದು, ಕಡಲೆಕಾಯಿಗೆ ಸಿಡಿಯುವ ಕೆಲವರ ಮೈ ಮೆಂತ್ಯಕ್ಕೂ ಸಿಡಿಯುವುದು ದಾಖಲಾಗಿದೆ. ನಿಮ್ಮ ಮಗ ಇದುವರೆಗೆ ಮೆಂತ್ಯದ ದೋಸೆ ತಿಂದು ಸುಖವಾಗಿದ್ದರೆ ಚಿಂತೆಯಿಲ್ಲ. ತಿಂದದ್ದು ಯಾವುದೇ ಆಗಿರಲಿ, ದದ್ದಿನ ಜೊತೆಗೆ ಉಸಿರು ಕಟ್ಟುವುದು, ದನಿ ಬದಲಾಗುವುದು, ಮತ್ತೆ ಮತ್ತೆ ವಾಂತಿ, ತಲೆ ಸುತ್ತಿ ಬೀಳುವುದು ಕಂಡರೆ ಅಲರ್ಜಿಯ ಮಾತ್ರೆ ನುಂಗಿಸಿ ಕಾಯುತ್ತ ಕೂರಬಾರದು. ಆಗ ಬೇಕಾದದ್ದು ಅಡ್ರಿನಾಲಿನ್ ಚುಚ್ಚುಮದ್ದು. ಅದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕೇ, ಯಾರು ಹೇಗೆ ಚುಚ್ಚಬೇಕು ಎಂಬುದನ್ನು ಮುಂದಿನ ಸಲ ವೈದ್ಯರ ಬಳಿ ಹೋದಾಗ ಕೇಳಿ ತಿಳಿದುಕೊಳ್ಳಿ, ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ.