ಕೆಲಸ ಬಿಡದೆ ಆನ್‌ಲೈನ್ ಎಂಬಿಎ ಮಾಡಿದರೆ ಕಂಪನಿಗಳು ಒಪ್ಪುತ್ತವೆಯೇ?

ಪ್ರಶ್ನೆ: ಬಿ.ಕಾಂ. ಮುಗಿಸಿ ನಾಲ್ಕು ವರ್ಷದಿಂದ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಆನ್‌ಲೈನ್ ಎಂಬಿಎಗೆ ರೆಗ್ಯುಲರ್ ಎಂಬಿಎಯಷ್ಟೇ ಬೆಲೆ ಇದೆಯೇ?

ಉತ್ತರ: ಕಾನೂನಿನ ಪ್ರಕಾರ ಇದೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2020ರ ನಿಯಮಾವಳಿಯ 22ನೇ ನಿಯಮದಂತೆ, ಮಾನ್ಯತೆ ಇರುವ ಸಂಸ್ಥೆಯ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ರೆಗ್ಯುಲರ್ ಪದವಿಗೆ ಸಮ. 2022ರ ಸೆಪ್ಟೆಂಬರಿನಲ್ಲಿ ಯುಜಿಸಿ ಇದನ್ನೇ ಮತ್ತೊಮ್ಮೆ ಸ್ಪಷ್ಟಪಡಿಸಿತು. ಆದರೆ ಖಾಸಗಿ ಕಂಪನಿ 'ಎರಡು ವರ್ಷದ ಫುಲ್‌ಟೈಮ್ ಎಂಬಿಎ ಮಾತ್ರ' ಎಂದು ಷರತ್ತು ಹಾಕಿದರೆ ಈ ನಿಯಮ ಹಿಡಿದು ವಾದಿಸಿ ಪ್ರಯೋಜನವಿಲ್ಲ. ಕ್ಯಾಂಪಸ್‌ನಿಂದ ನೇರವಾಗಿ ಆಯ್ಕೆ ಮಾಡುವ ಕಡೆ ಈ ಷರತ್ತು ಸಾಮಾನ್ಯ. ಅನುಭವ ಇರುವವರ ಬಡ್ತಿಯಲ್ಲಿ ಅದರ ಬಿಗಿ ಕಡಿಮೆ. ಹಾಗಾಗಿ ಶುಲ್ಕ ಕಟ್ಟುವ ಮೊದಲೇ ನಿಮ್ಮ ಎಚ್‌ಆರ್‌ಗೆ ಇಮೇಲ್ ಕಳಿಸಿ, ಬಡ್ತಿಗೆ ಆನ್‌ಲೈನ್ ಪದವಿಯನ್ನು ಪರಿಗಣಿಸುತ್ತಾರೆಯೇ ಎಂದು ಬರವಣಿಗೆಯಲ್ಲೇ ಉತ್ತರ ಪಡೆಯಿರಿ.

ಹೆಚ್ಚಿನವರು ಎಡವುವುದು ಮಾನ್ಯತೆಯ ವಿಷಯದಲ್ಲಿ. ವಿಶ್ವವಿದ್ಯಾಲಯದ ಹೆಸರು ಯುಜಿಸಿಯ ಪಟ್ಟಿಯಲ್ಲಿದ್ದರೆ ಸಾಲದು. ಆ ಕೋರ್ಸ್, ಆ ವಿಧಾನ (ಆನ್‌ಲೈನ್ ಅಥವಾ ದೂರಶಿಕ್ಷಣ), ನೀವು ಸೇರುವ ಆ ವರ್ಷ, ಮೂರಕ್ಕೂ ಅನುಮತಿ ಇರಬೇಕು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2012-13ರ ನಂತರ ತಪ್ಪಿದ್ದ ಮಾನ್ಯತೆ ಮರಳಿದ್ದು 2018ರಲ್ಲಿ. ನಡುವೆ ಸೇರಿದವರು ಪಟ್ಟ ಪಾಡು ಸಣ್ಣದಲ್ಲ. ಯುಜಿಸಿಯ ದೂರಶಿಕ್ಷಣ ವಿಭಾಗವಾದ ಡಿಇಬಿಯ ಪೋರ್ಟಲ್‌ನಲ್ಲಿ ನೀವೇ ನೋಡಿ, ಆ ಪುಟದ ಪ್ರತಿ ಇಟ್ಟುಕೊಳ್ಳಿ. 2024-25ರಿಂದ ಡಿಇಬಿ ಐಡಿ, ಅಂದರೆ ಆ ಪೋರ್ಟಲ್‌ನಲ್ಲಿ ವಿದ್ಯಾರ್ಥಿ ಪಡೆಯಬೇಕಾದ ಗುರುತಿನ ಸಂಖ್ಯೆ, ಕಡ್ಡಾಯ. ಅದಿಲ್ಲದೆಯೇ ಸೀಟು ಕೊಡುತ್ತೇವೆ ಎನ್ನುವ ಏಜೆಂಟರ ಹತ್ತಿರವೂ ಸುಳಿಯಬೇಡಿ.

ಇನ್ನೊಂದು ತೊಡಕು ರೆಸ್ಯೂಮೆಯಲ್ಲಿ. ಕೆಲಸದಲ್ಲಿದ್ದ ಅವಧಿಯಲ್ಲೇ ಬರೀ 'ಎಂಬಿಎ' ಎಂದು ಬರೆದರೆ, ಹಿನ್ನೆಲೆ ಪರಿಶೀಲಿಸುವವರು ಪಿಎಫ್ ದಾಖಲೆಯ ತಿಂಗಳುಗಳನ್ನೂ ಪದವಿಯ ತಿಂಗಳುಗಳನ್ನೂ ತಾಳೆ ನೋಡಿ ಅನುಮಾನಿಸುತ್ತಾರೆ. 'ಎಂಬಿಎ (ಆನ್‌ಲೈನ್), ಫೈನಾನ್ಸ್' ಎಂದೇ ಬರೆಯಿರಿ. ವಿಧಾನ ಹೇಳಿದ್ದಕ್ಕಿಂತ ಮುಚ್ಚಿಟ್ಟಿದ್ದಕ್ಕೇ ಆಫರ್ ಕೈತಪ್ಪುವ ಸಂಭವ ಹೆಚ್ಚು. ಕೆಲವೇ ತಿಂಗಳ ಎಕ್ಸಿಕ್ಯೂಟಿವ್ ಸರ್ಟಿಫಿಕೇಟನ್ನು, ಅದು ಎಷ್ಟೇ ದೊಡ್ಡ ಸಂಸ್ಥೆಯದಾಗಿರಲಿ, ಎಂಬಿಎ ಎಂದು ನಮೂದಿಸಬೇಡಿ.

ನಿಮಗೆ ನಾಲ್ಕು ವರ್ಷದ ಅನುಭವವಿದೆ, ಆನ್‌ಲೈನ್ ಸಾಕು. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟನ್ನು ಮಾತ್ರ ಸಿದ್ಧ ಪ್ರತಿ ಕೊಂಡು ಮುಗಿಸಬೇಡಿ. ನಿಮ್ಮ ಕಂಪನಿಯ ಅನುಮತಿ ಪಡೆದು ಗ್ರಾಹಕರ ಬಾಕಿ ಎಷ್ಟು ದಿನಕ್ಕೆ ವಸೂಲಾಗುತ್ತಿದೆ, ಎಲ್ಲಿ ತಡವಾಗುತ್ತಿದೆ ಎಂಬುದನ್ನು ಲೆಕ್ಕ ಹಾಕಿ. ಸಂದರ್ಶನದಲ್ಲಿ ಅರ್ಧ ಗಂಟೆ ಮಾತಾಡಲು ಅಷ್ಟು ಸರಕು ಸಾಕು.