ಕ್ಯಾನ್ವಾಸ್ ಹಿಂದೆ ಯಾವ ಮರ ಇದೆ?

ಚಿತ್ರ ಚೆನ್ನಾಗಿದೆ ಅನ್ನೋಕೆ ನಮ್ಮಲ್ಲಿ ಒಂದೇ ಮಾತು: ‘ಥೇಟ್ ಫೋಟೋ ಇದ್ದ ಹಾಗಿದೆ.’ ಶಿವಮೊಗ್ಗದಲ್ಲಿ ನನ್ನ ಹತ್ತಿರ ಚಿತ್ರಕಲೆ ಕಲಿಯಲು ಬರುವವರಿಗೂ ಇದೇ ಆಸೆ. ಅವರಿಗೆ ನಾನು ಬೆಲ್ಜಿಯಂನ ರೆನೆ ಮಾಗ್ರಿಟ್ 1933ರಲ್ಲಿ ಬರೆದ ‘ದಿ ಹ್ಯೂಮನ್ ಕಂಡಿಷನ್’ ತೋರಿಸುತ್ತೇನೆ. ಮೂಲಚಿತ್ರ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿದೆ.

ಕೋಣೆಯಲ್ಲಿ ಒಂದು ಕಿಟಕಿ, ಅದರ ಮುಂದೆ ಈಸೆಲ್ ಅಂದರೆ ಚಿತ್ರ ನಿಲ್ಲಿಸುವ ಮರದ ಚೌಕಟ್ಟು, ಅದರ ಮೇಲೆ ಕ್ಯಾನ್ವಾಸ್. ಕ್ಯಾನ್ವಾಸ್ ಯಾವ ಜಾಗವನ್ನು ಮರೆ ಮಾಡಿದೆಯೋ ಅದೇ ಜಾಗದ ಮರ, ಹುಲ್ಲು, ಮೋಡ ಅದರ ಮೇಲೆ ಬರೆದಿದೆ, ಹೊರಗಿನ ನೋಟಕ್ಕೆ ಸರಿಯಾಗಿ ಕೂಡಿಕೊಂಡಿದೆ. ಗಾಜೇನೋ ಅನ್ನಿಸುತ್ತೆ. ಬಲಗಡೆ ಅಂಚು ನೋಡಿ. ಬಣ್ಣ ತಾಗದ ಬಿಳಿ ಬಟ್ಟೆ, ಅದನ್ನು ಬಿಗಿದ ಸಣ್ಣ ಮೊಳೆಗಳು. ಎಡಗಡೆ ಕ್ಯಾನ್ವಾಸ್ ಕಿಟಕಿಯ ಪರದೆಯ ಮೇಲೆ ಸ್ವಲ್ಪ ಬಂದಿದೆ.

ಹಿಂದೆ ಯಾವ ಮರ ಇದೆ ಅಂತ ಕೇಳಿದರೆ ಎಲ್ಲರೂ ‘ಅದೇ ಮರ’ ಅಂತಾರೆ. ಕ್ಯಾನ್ವಾಸ್ ಸರಿಸಿ ನೋಡಿದವರು ಯಾರು? ಅಲ್ಲಿ ಮರವೇ ಇಲ್ಲದಿರಬಹುದು. ಅದಕ್ಕಿಂತ ದೊಡ್ಡ ವಿಷಯ ಅಂದರೆ, ಕಿಟಕಿಯಾಚೆಯ ಹೊಲವೂ ಎಣ್ಣೆಬಣ್ಣವೇ ಅಲ್ವಾ? ಎರಡೂ ಒಂದೇ ಬಟ್ಟೆಯ ಮೇಲಿರುವಾಗ ಒಂದನ್ನು ನಿಜ, ಇನ್ನೊಂದನ್ನು ನಕಲು ಅಂತ ಬೇರೆ ಮಾಡಿದ್ದು ಬಣ್ಣವಲ್ಲ, ನಮ್ಮ ಮನಸ್ಸು. ಮಾಗ್ರಿಟ್ ಹೇಳುತ್ತಿದ್ದದ್ದೂ ಇದರ ಹತ್ತಿರದ ಮಾತೇ: ಲೋಕ ಹೊರಗಿದೆ ಅಂತ ಕಾಣುತ್ತದೆ, ಆದರೆ ನಮ್ಮ ಬಳಿ ಇರುವುದು ಒಳಗೆ ಮೂಡಿದ ಚಿತ್ರ ಮಾತ್ರ.

ಇದು ಬರೀ ತತ್ವದ ಮಾತಲ್ಲ, ಕುಂಚ ಹಿಡಿದ ಕೂಡಲೇ ಎದುರಾಗುತ್ತದೆ. ಆಗುಂಬೆ ಕಡೆ ಬೆಟ್ಟ ಬರೆಯಲು ಕೂರಿಸಿದರೆ ಹುಡುಗರು ದೂರದ ಕಾಡಿಗೂ ಕಡು ಹಸಿರು ಬಳಿದು ಒಂದೊಂದೇ ಎಲೆ ಬರೆಯುತ್ತಾರೆ. ಅಷ್ಟು ದೂರದಿಂದ ಎಲೆ ಎಲ್ಲಿ ಕಾಣುತ್ತೆ? ನಡುವಿನ ಗಾಳಿ, ತೇವ ಬೆಳಕನ್ನು ಚದುರಿಸಿ ಕಾಡು ನೀಲಿ ಬೆರೆತ ಬೂದು ಬಣ್ಣದಲ್ಲಿ ಕಾಣುತ್ತದೆ. ಅವರು ಬರೆದದ್ದು ತಲೆಯೊಳಗಿನ ಕಾಡು.

ಹಾಗಂತ ತಲೆಯೊಳಗಿನದು ಕೀಳು ಅಂತ ನಾನು ಒಪ್ಪಲ್ಲ. ಸಾಗರದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಮದುವೆಗೆ ಗೋಡೆ ಮೇಲೆ ಬರೆಯುವ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣಿನ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಬರೀ ಗೆರೆಗಳಲ್ಲೇ ಮದುಮಕ್ಕಳು ಬಂದು ನಿಲ್ಲುತ್ತಾರೆ. ಫೋಟೋ ಹಾಗಿಲ್ಲ ಅಂತ ಯಾರೂ ದೂರುವುದಿಲ್ಲ.

ಅದಕ್ಕೇ ನಾನು ಎರಡು ಹಾಳೆ ಕೊಡುತ್ತೇನೆ. ಒಂದರಲ್ಲಿ ಬೆಟ್ಟ ಕಣ್ಣಿಗೆ ಕಂಡ ಹಾಗೆ, ಇನ್ನೊಂದರಲ್ಲಿ ತಮಗೆ ಗೊತ್ತಿರುವ ಹಾಗೆ. ಆಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ಮಾತಾಡುತ್ತೇವೆ, ಪಾಠ ಶುರುವಾಗುವುದು ಅಲ್ಲಿಂದ.